ಬಿಸಿಲಲ್ಲಿ ಅಲೆಯಬೇಡಿ, ನೆರಳಿನ ಅಂಚಿನಲ್ಲಿ ನಿಲ್ಲಿ

ಪ್ರಶ್ನೆ: ಫೋಟೋ ತೆಗೆಯುವುದು ನನ್ನ ಹವ್ಯಾಸ. ದಿನನಿತ್ಯದ ದೃಶ್ಯಗಳು, ದಾರಿಯಲ್ಲಿ ಸಿಗುವ ಜನ, ಇವೇ ನನಗಿಷ್ಟ. ಬೇರೆ ಕಾಲದಲ್ಲಿ ಹೇಗೋ ನಾಲ್ಕು ಒಳ್ಳೆಯ ಫೋಟೋ ಸಿಗುತ್ತವೆ. ಬೇಸಿಗೆ ಬಂದರೆ ಮಾತ್ರ ಕೈ ಕಟ್ಟಿದ ಹಾಗಾಗುತ್ತದೆ. ಮುಖ ಕಪ್ಪು, ಆಕಾಶ ಬಿಳಿ, ರಸ್ತೆ ಖಾಲಿ. ಗಂಟೆಗಟ್ಟಲೆ ಸುತ್ತಿದರೂ ಏನೂ ಸಿಗುವುದಿಲ್ಲ. ಯಾರಾದರೂ ಕಣ್ಣಿಗೆ ಬಿದ್ದರೂ ಕ್ಯಾಮೆರಾ ಎತ್ತಲು ಸಂಕೋಚ. ಈ ಬೇಸಿಗೆಯ ಮೂರು ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ. ಮೊದಲ ಎರಡು ಕಲಸಿದ ಹಾಗಿವೆ, ಲೆನ್ಸ್ ಸರಿಯಿಲ್ಲವಾ? ಮೂರನೆಯದು ಮುಖವೇ ಪೂರ್ತಿ ಕಾಣದೆ ಹಾಳಾಗಿದೆ. ಮಳೆ ಬರುವ ತನಕ ಕ್ಯಾಮೆರಾ ಒಳಗಿಡುವುದೇ ವಾಸಿಯಾ?

ಉತ್ತರ: ಬೇಡ, ಒಳಗಿಡಬೇಡಿ. ನನಗೆ ಮನಸ್ಸಿಗೆ ಹತ್ತಿರವಾದ ಫೋಟೋಗಳು ಜಾಸ್ತಿ ಸಿಕ್ಕಿರುವುದೇ ಬೇಸಿಗೆಯಲ್ಲಿ. ಆದರೆ ಒಂದು ಅಭ್ಯಾಸ ಬಿಡಬೇಕು. ಅದು ಸುತ್ತುವುದು. ತಂಪು ಹೊತ್ತಿನಲ್ಲಿ ಅಲೆದಷ್ಟೂ ಫೋಟೋ ಸಿಗುತ್ತವೆ, ನಿಜ. ಬಿಸಿಲೇರಿದ ಮೇಲೆ ಅಲೆದರೆ ಮೈ ಸೋಲುತ್ತದೆ. ಮೈ ಸೋತರೆ ಕಣ್ಣೂ ಸೋಲುತ್ತದೆ. ಆಗ ಒಂದು ಕಡೆ ನಿಲ್ಲಬೇಕು. ಎಲ್ಲಿ ನಿಲ್ಲಬೇಕು ಅನ್ನುವುದೇ ನನ್ನ ಉತ್ತರದ ಮುಕ್ಕಾಲು ಭಾಗ.

ರಸ್ತೆ ಖಾಲಿ ಅಂತ ಬರೆದಿದ್ದೀರಿ. ಇನ್ನೊಮ್ಮೆ ನೋಡಿ. ಜನ ಎಲ್ಲೂ ಹೋಗಿರುವುದಿಲ್ಲ, ನಡುರಸ್ತೆ ಬಿಟ್ಟು ಅಂಚಿಗೆ ಸರಿದಿರುತ್ತಾರೆ. ಬಸ್ಸಿಗೆ ಕಾಯುವವರನ್ನೇ ಗಮನಿಸಿ. ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ಪಕ್ಕದ ಕಂಬದ ನೆರಳು ಒಂದಡಿ ಅಗಲಕ್ಕೆ ನೆಲದ ಮೇಲೆ ಬಿದ್ದಿರುತ್ತದೆ. ಆ ಒಂದಡಿಯಲ್ಲೇ ನಾಲ್ಕು ಜನ ಒಬ್ಬರ ಹಿಂದೊಬ್ಬರು ನಿಂತಿರುತ್ತಾರೆ. ಪರಿಚಯ ಇಲ್ಲ, ಮಾತಿಲ್ಲ. ಆದರೂ ಯಾರೋ ಹೇಳಿ ನಿಲ್ಲಿಸಿದ ಹಾಗೆ ನೇರ ಸಾಲು. ಸ್ವಲ್ಪ ಆಚೆ ನಿಂತ ಕಾರಿನ ಕೆಳಗೆ ನಾಯಿ. ಮಡಚಿದ ಪೇಪರನ್ನು ಮಗುವಿನ ತಲೆ ಮೇಲೆ ಹಿಡಿದು ತಾನು ಬಿಸಿಲಲ್ಲೇ ನಿಂತ ಅಪ್ಪ. ಒಂದೇ ಕೊಡೆ ಕೆಳಗೆ ತಲೆ ತೂರಿಸಿದ ಇಬ್ಬರು ಅಪರಿಚಿತರು. ಗುರುತೇ ಇಲ್ಲದ ಮನುಷ್ಯರನ್ನು ಹೀಗೆ ಮೈಗೆ ಮೈ ತಾಗುವಷ್ಟು ಹತ್ತಿರ ತಂದು ನಿಲ್ಲಿಸುವುದು ಮಳೆ ಮತ್ತು ಬಿಸಿಲು, ಎರಡೇ. ಮಳೆ ಅರ್ಧ ಗಂಟೆಗೆ ನಿಂತುಬಿಡಬಹುದು. ಬಿಸಿಲು ದಿನಾ ಬರುತ್ತದೆ, ಅದೇ ಗೋಡೆಗೆ, ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಕಾಯುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ನಿಲ್ಲುವುದಕ್ಕೂ ಫೋಟೋಗ್ರಫಿಗೂ ಮೊದಲಿನಿಂದಲೂ ನಂಟಿದೆ. 1838ರಲ್ಲಿ, ಫೋಟೋಗ್ರಫಿಯನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಲೂಯಿ ಡಾಗೇರ್ ಪ್ಯಾರಿಸ್‌ನ ಒಂದು ದೊಡ್ಡ ರಸ್ತೆಯನ್ನು ಮೇಲಿನ ಕಿಟಕಿಯಿಂದ ಸೆರೆಹಿಡಿದ. ಫಿಲ್ಮಿನ ಬದಲು ಬಳಸುತ್ತಿದ್ದ ಆಗಿನ ಲೋಹದ ತಟ್ಟೆಗಳಿಗೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೇಕಿತ್ತು. ರಸ್ತೆ ತುಂಬ ಜನ, ಕುದುರೆಗಾಡಿ ಎಲ್ಲ ಓಡಾಡುತ್ತಿದ್ದರೂ ಚಿತ್ರದಲ್ಲಿ ಯಾರೂ ಉಳಿಯಲಿಲ್ಲ. ಅಲುಗಿದ್ದೆಲ್ಲ ಮಾಯ. ಆದರೆ ಕೆಳಗಿನ ಮೂಲೆಯಲ್ಲಿ ಒಬ್ಬ ಮನುಷ್ಯ ಒಂದು ಕಾಲು ಎತ್ತಿಟ್ಟು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ನಿಂತಿದ್ದ. ಅವನೂ, ಪಾಲಿಶ್ ಹಾಕುತ್ತಿದ್ದವನೂ ಉಳಿದುಕೊಂಡರು. ಮನುಷ್ಯ ಕಾಣುವ ಅತಿ ಹಳೆಯ ಫೋಟೋ ಅದೇ ಅನ್ನುತ್ತಾರೆ. ಅವರಿಬ್ಬರಿಗೂ ತಾವು ಚಿತ್ರದಲ್ಲಿದ್ದೇವೆ ಅಂತ ಗೊತ್ತಿದ್ದ ಲಕ್ಷಣ ಇಲ್ಲ. ದಿನನಿತ್ಯದ ಒಂದು ಸಣ್ಣ ಕೆಲಸ, ಆಕಸ್ಮಿಕವಾಗಿ ಎದುರಾದ ಇಬ್ಬರು. ನೀವು ಇಷ್ಟಪಡುವ ಬಗೆಯ ಫೋಟೋ ಅಲ್ವಾ ಅದು?

ಈಗ ನಿಲ್ಲುವ ಜಾಗದ ವಿಷಯ. ಬಿಸಿಲು ಮುಗಿದು ನೆರಳು ಶುರುವಾಗುವ ಗೆರೆ ಇರುತ್ತದಲ್ಲ, ಆ ಗೆರೆಯಿಂದ ಒಂದೆರಡು ಹೆಜ್ಜೆ ಒಳಗೆ ನಿಲ್ಲಿ. ಬೇಸಿಗೆಯ ಬದುಕೆಲ್ಲ ಈ ಗೆರೆಯ ಮೇಲೆಯೇ ನಡೆಯುತ್ತದೆ. ಒಳಗೆ ಬರುವವರು ಇಲ್ಲಿ ಒಂದು ಕ್ಷಣ ನಿಂತು ಉಸಿರು ಬಿಡುತ್ತಾರೆ. ಹೊರಗೆ ಹೋಗುವವರು ಇಲ್ಲಿಯೇ ಸೆರಗು ಎಳೆದುಕೊಳ್ಳುತ್ತಾರೆ, ಟೋಪಿ ಹಾಕುತ್ತಾರೆ, ಕೊಡೆ ಬಿಚ್ಚುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ. ಎಲ್ಲರೂ ಏನಾದರೊಂದು ಮಾಡುವ ಜಾಗ ಅದು. ನೆರಳಿನ ಒಳಗೆ ಆಳದಲ್ಲಿ ಕೂತವರು ಸುಮ್ನೆ ಕೂತಿರುತ್ತಾರೆ. ಬಿಸಿಲಲ್ಲಿರುವವರು ದಡಬಡ ದಾಟುತ್ತಾರೆ.

ಇದನ್ನು ನನಗಿಂತ ಚೆನ್ನಾಗಿ ತಿಳಿದವರು ಬಿಸಿಲಲ್ಲೇ ದುಡಿಯುವವರು. ಒಂದು ಕಟ್ಟಡದ ಗೇಟಿನಲ್ಲಿ ವಯಸ್ಸಾದ ವಾಚ್‌ಮನ್ ಒಬ್ಬರಿದ್ದರು. ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲು ಮುರಿದು ತಂತಿ ಸುತ್ತಿದ್ದು. ಸ್ವಲ್ಪ ಹೊತ್ತಿಗೊಮ್ಮೆ ಎದ್ದು ಕುರ್ಚಿಯನ್ನು ಒಂದು ಮಾರಿನಷ್ಟು ಸರಿಸಿ ಮತ್ತೆ ಕೂರುತ್ತಿದ್ದರು. ಬಿಸಿಲು ಮೊಣಕಾಲಿಗೆ ಬಂದ ಮೇಲೆ ಸರಿಯುವುದಲ್ಲ. ಚಪ್ಪಲಿಯ ತುದಿಗೆ ಬರುವಾಗಲೇ ಏಳುತ್ತಿದ್ದರು. ನೆಲದ ಮೇಲೆ ಕುರ್ಚಿಯ ಕಾಲುಗಳು ಎಳೆದ ಗೀರುಗಳು ಗೋಡೆಯುದ್ದಕ್ಕೂ ಕಮಾನಿನ ಹಾಗೆ ಮೂಡಿದ್ದವು. "ಯಜಮಾನ್ರೇ, ನೆರಳು ಇನ್ನು ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದೆ. ನನ್ನ ಕ್ಯಾಮೆರಾ ನೋಡಿದರು. "ಮೂರು ಗಂಟೆ ತನಕ ಇಲ್ಲಿ. ಆಮೇಲೆ ಆ ಮರದ್ದು ಬರುತ್ತೆ ಮೇಡಂ. ಸ್ಕೂಲ್ ಬಿಡೋ ಹೊತ್ತಿಗೆ ಮಕ್ಕಳೆಲ್ಲ ಅಲ್ಲೇ ನಿಲ್ತಾರೆ. ಅಲ್ಲಿ ನಿಂತ್ಕೊಳಿ" ಅಂದರು. ಹೋಗಿ ನಿಂತೆ. ಅವರು ಹೇಳಿದ ಹೊತ್ತಿಗೆ ಮಕ್ಕಳು ಬಂದರು, ಬ್ಯಾಗುಗಳನ್ನು ಮರದ ಬುಡಕ್ಕೆ ಒಟ್ಟಿದರು. ಬ್ಯಾಗಿಗೆ ನೆರಳು ಕೊಟ್ಟು ತಾವು ಬಿಸಿಲಿಗೆ ಓಡಿದರು. ಆ ಬ್ಯಾಗುಗಳ ಗುಡ್ಡೆಯ ಫೋಟೋ ಇವತ್ತಿಗೂ ನನಗೆ ಇಷ್ಟ. ವಾಚ್‌ಮನ್ ಫೋಟೋ ಕೂಡ ತೆಗೆದೆ. ಆದರೆ ಅವರ ಮುಖಕ್ಕಿಂತ ನೆಲದ ಮೇಲಿನ ಆ ಗೀರುಗಳೇ ಅವರ ದಿನವನ್ನು ಚೆನ್ನಾಗಿ ಹೇಳುತ್ತವೆ ಅಂತ ಈಗಲೂ ಅನಿಸುತ್ತದೆ.

ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಈ ಲೆಕ್ಕ ಅವರಿಗೆ ಬೇಕಿರಲಿಲ್ಲ, ಕಾಲಿಗೆ ಗೊತ್ತಿತ್ತು. ಆದ್ದರಿಂದ ನಿಮ್ಮ ಓಣಿಯಲ್ಲಿ ತಳ್ಳುಗಾಡಿಯವರು, ಟ್ರಾಫಿಕ್ ಪೊಲೀಸರು, ಗೇಟು ಕಾಯುವವರು ಯಾರಿದ್ದರೂ ಕೇಳಿ. ಯಾವ ಗೋಡೆಗೆ ಯಾವಾಗ ನೆರಳು ಅಂತ ಅವರಿಗೆ ಬಾಯಿಪಾಠ. ಇದರಿಂದ ಇನ್ನೊಂದು ಲಾಭವೂ ಇದೆ, ಅದನ್ನು ಮುಂದೆ ಸಂಕೋಚದ ಮಾತು ಬಂದಾಗ ಹೇಳುತ್ತೇನೆ.

ಮುಖ ಕಪ್ಪಾಗುವುದಕ್ಕೆ ಕಾರಣ ಸರಳ. ಬಿಸಿಲಿಗೂ ತೆರೆದ ನೆರಳಿಗೂ ಮೂರರಿಂದ ನಾಲ್ಕು ಸ್ಟಾಪ್ ವ್ಯತ್ಯಾಸ ಇರುತ್ತದೆ. ಒಂದೊಂದು ಸ್ಟಾಪಿಗೂ ಬೆಳಕು ದುಪ್ಪಟ್ಟಾಗುತ್ತದೆ. ಅಂದರೆ ಬಿಸಿಲಿನ ಬೆಳಕು ನೆರಳಿನದರ 8ರಿಂದ 16 ಪಟ್ಟು. ನಮ್ಮ ಕಣ್ಣು ಎರಡನ್ನೂ ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾ ಒಂದೇ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಒಂದು ಸಲಕ್ಕೆ ಒಳಗೆ ಬಿಟ್ಟುಕೊಂಡ ಬೆಳಕಿನಲ್ಲಿ, ಅಷ್ಟು ಚೆನ್ನಾಗಿ ದೂಗಿಸಲಾರದು. ಎರಡು ದೋಣಿ ಮೇಲೆ ಕಾಲಿಟ್ಟರೆ ಆಗುವುದೇ ಇಲ್ಲೂ ಆಗುತ್ತದೆ. ಫೋಟೋ ತೆಗೆಯುವ ಮೊದಲೇ ತೀರ್ಮಾನ ಮಾಡಿ: ಇದು ನೆರಳಿನ ಫೋಟೋನಾ, ಬಿಸಿಲಿನ ಫೋಟೋನಾ?

ನೆರಳಿನದಾದರೆ, ಫ್ರೇಮಿನಲ್ಲಿ ಬಿಸಿಲು ಆದಷ್ಟೂ ಕಮ್ಮಿ ಇರುವ ಹಾಗೆ ನಿಂತುಕೊಳ್ಳಿ. ಬಿಸಿಲಿಗೆ ನೀವು ಬೆನ್ನು ಕೊಡಬೇಕು, ಅವರು ಮುಖ ಕೊಡಬೇಕು. ನೆರಳಿನ ಅಂಚಿನಲ್ಲಿ ನಿಂತು ಹೊರಗೆ ನೋಡುತ್ತಿರುವ ಮುಖದ ಮೇಲೆ ಬೀಳುವ ಬೆಳಕಿನಷ್ಟು ಚಂದದ ಬೆಳಕು ಸ್ಟುಡಿಯೋದಲ್ಲೂ ಸಿಗುವುದು ಕಷ್ಟ. ಎದುರಿನ ಬಿಸಿಲು ಬಿದ್ದ ನೆಲ, ತಿಳಿಬಣ್ಣದ ಗೋಡೆ, ಇವೆಲ್ಲ ಬೆಳಕನ್ನು ವಾಪಸ್ ಎಸೆಯುತ್ತವೆ. ಅದು ಕೆಳಗಿನಿಂದ, ಮುಂದಿನಿಂದ ಮೆತ್ತಗೆ ಮುಖಕ್ಕೆ ತಾಗುತ್ತದೆ. ಕಣ್ಣಿನ ಕೆಳಗಿನ ಗುಳಿ ತುಂಬುತ್ತದೆ, ಕಣ್ಣಲ್ಲಿ ಹೊಳಪು ಬರುತ್ತದೆ. ಅದೇ ಮನುಷ್ಯ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಈ ಬೆಳಕು ಹೋಯಿತು.

ಇದನ್ನು ಕಲಿಯಲು ಯಾರ ಮುಖವೂ ಬೇಡ. ನಿಮ್ಮ ಮುಷ್ಟಿಯನ್ನು ಕಣ್ಣೆದುರು ಹಿಡಿಯಿರಿ. ನೆರಳಿನ ಅಂಚಿನಲ್ಲಿ ನಿಂತು ನಿಧಾನಕ್ಕೆ ಒಂದು ಸುತ್ತು ತಿರುಗಿ. ಬೆರಳಿನ ಗೆಣ್ಣುಗಳ ಮೇಲೆ ಬೆಳಕು ಎಲ್ಲಿ ಮೃದುವಾಗುತ್ತದೆ, ಎಲ್ಲಿ ಸಪ್ಪೆಯಾಗುತ್ತದೆ, ಎಲ್ಲಿ ಒಂದು ಬದಿ ಮಾತ್ರ ಹೊಳೆಯುತ್ತದೆ, ನೋಡಿ. ಆಮೇಲೆ ಎರಡು ಹೆಜ್ಜೆ ಒಳಗೆ ಹೋಗಿ ಮತ್ತೆ ತಿರುಗಿ. ಇದು ಕಣ್ಣಿಗೆ ಒಮ್ಮೆ ಹತ್ತಿತು ಅಂದರೆ ಜನ ಎಲ್ಲಿ ನಿಂತಾಗ ಫೋಟೋ ತೆಗೆಯಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಒಂದು ಎಚ್ಚರಿಕೆ ಇರಲಿ. ಎದುರಿನ ಗೋಡೆ ಹಸಿರಾಗಿದ್ದರೆ ಮುಖಕ್ಕೂ ಹಸಿರು ಬಡಿಯುತ್ತದೆ. ಹುಲ್ಲಿನ ಮೇಲೂ ಹಾಗೆಯೇ. ನೀಲಿ ಟಾರ್ಪಾಲಿನ್ ಕೆಳಗೆ ನಿಂತವರ ಚರ್ಮದ ಬಣ್ಣವನ್ನು ಆಮೇಲೆ ಸರಿಪಡಿಸಲು ಹೋದರೆ ಸಾಕುಸಾಕಾಗುತ್ತದೆ. ಅಲ್ಲಿ ಕಪ್ಪು ಬಿಳುಪಿಗೆ ತಿರುಗಿಸುವುದೇ ಒಳ್ಳೆಯದು. ಸಾಮಾನ್ಯ ನೆರಳು ಕೂಡ ಸ್ವಲ್ಪ ನೀಲಿಯೇ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಏರಿದಷ್ಟೂ ನೀಲಿ. ನಡುಹಗಲಿನ ಬಿಸಿಲು ಸುಮಾರು 5500 ಕೆಲ್ವಿನ್ ಇದ್ದರೆ, ನೀಲಿ ಆಕಾಶದ ಬೆಳಕಷ್ಟೇ ಬೀಳುವ ನೆರಳು 7000, 8000 ಕೆಲ್ವಿನ್ ತನಕ ಹೋಗುತ್ತದೆ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಸೆಟ್ಟಿಂಗ್‌ನಲ್ಲಿ ನೆರಳಿನ ಗುರುತನ್ನು ಆರಿಸಿಕೊಂಡರೆ ಚರ್ಮಕ್ಕೆ ಕಳೆ ಬರುತ್ತದೆ.

ಬಿಸಿಲಿನ ಫೋಟೋ ಅಂತ ತೀರ್ಮಾನಿಸಿದರೆ ಲೆಕ್ಕ ತಿರುಗುಮುರುಗು. ಬಿಸಿಲು ಬಿದ್ದ ಜಾಗಕ್ಕೆ ಎಕ್ಸ್‌ಪೋಷರ್ ಇಡಿ, ನೆರಳು ಕಪ್ಪಾಗಲಿ ಬಿಡಿ. ಕ್ಯಾಮೆರಾ ತಾನಾಗಿ ಆರಿಸಿದ ಬೆಳಕನ್ನು ಹೆಚ್ಚುಕಮ್ಮಿ ಮಾಡುವ ಎಕ್ಸ್‌ಪೋಷರ್ ಕಾಂಪನ್ಸೇಶನ್ ಅನ್ನು ಮೈನಸ್ ಒಂದಕ್ಕೆ, ಬೇಕಾದರೆ ಮೈನಸ್ ಎರಡಕ್ಕೆ ಇಳಿಸಿ. ಎರಡು ಕಟ್ಟಡಗಳ ನಡುವಿನ ಸಂದಿಯಿಂದ ಬೆಳಕಿನ ಒಂದು ಪಟ್ಟಿ ನೆಲಕ್ಕೆ ಬಿದ್ದಿದೆ ಅಂದುಕೊಳ್ಳಿ. ಸುತ್ತಲೂ ಕತ್ತಲೆ. ಯಾರೋ ನಡೆದು ಬರುತ್ತಾರೆ. ಮೊದಲು ಒಂದು ಪಾದ ಬೆಳಗುತ್ತದೆ, ಆಮೇಲೆ ಕೈಯಲ್ಲಿದ್ದ ಚೀಲ, ಆಮೇಲೆ ಕೆನ್ನೆ, ಮತ್ತೆ ಕತ್ತಲೆ. ಇಷ್ಟೂ ಒಂದೇ ಸೆಕೆಂಡಿನಲ್ಲಿ. ಪಟ್ಟಿಗೆ ಮೊದಲೇ ಫೋಕಸ್ ಮಾಡಿಟ್ಟು ಕಾಯುವುದು ನಿಮ್ಮ ಕೆಲಸ. ಬಹಳ ಜನ ದಾಟುತ್ತಾರೆ. ಅದರಲ್ಲಿ ಒಬ್ಬರು ಸರಿಯಾಗಿ ಪಟ್ಟಿಯಲ್ಲೇ ತಲೆ ಎತ್ತುತ್ತಾರೆ.

ಫೋನಿನಲ್ಲಿ ತೆಗೆಯುವವರಿಗೂ ಇಲ್ಲೇ ಒಂದು ಮಾತು. ಈಗಿನ ಫೋನುಗಳು ಒಂದೇ ಕ್ಲಿಕ್ಕಿಗೆ ಹಲವು ಫ್ರೇಮ್ ಹಿಡಿದು ಬೆರೆಸುತ್ತವೆ. ಬಿಸಿಲನ್ನು ತಗ್ಗಿಸಿ, ನೆರಳನ್ನು ಎಬ್ಬಿಸಿ ಕೊಡುತ್ತವೆ. ಕುಟುಂಬದ ಫೋಟೋಗೆ ಅದು ಒಳ್ಳೆಯದೇ. ಆದರೆ ನಮಗೆ ಬೇಕಾದ ಕಪ್ಪು ಅದರಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೆಳಕಿನ ಪಟ್ಟಿಯ ಮೇಲೆ ಬೆರಳೊತ್ತಿ ಹಿಡಿದು, ಎಕ್ಸ್‌ಪೋಷರ್ ಅನ್ನು ಕೆಳಗೆ ಎಳೆದುಕೊಳ್ಳಿ. ಎಷ್ಟೋ ಸರಿಹೋಗುತ್ತದೆ.

ನೀವು ಕಳಿಸಿದ ಫೋಟೋಗಳ ವಿಷಯಕ್ಕೆ ಬರುತ್ತೇನೆ. ಮೊದಲ ಎರಡರಲ್ಲಿ ದೂರದ ರಸ್ತೆ, ಸಣ್ಣ ಸಣ್ಣ ಜನ, ಎಲ್ಲ ಕಲಸಿದ ಹಾಗಿದೆ. ಲೆನ್ಸ್ ಸರಿಯಿಲ್ಲವಾ ಅಂತ ಕೇಳಿದ್ದೀರಿ. ಲೆನ್ಸಿನ ತಪ್ಪು ಕಾಣುತ್ತಿಲ್ಲ. ಕಾದ ಡಾಂಬರಿನಿಂದ ಏಳುವ ಬಿಸಿಗಾಳಿ ಬೆಳಕನ್ನು ಅಲ್ಲಾಡಿಸುತ್ತದೆ. ದೂರದ್ದನ್ನು ಹತ್ತಿರ ಎಳೆದು ತೋರಿಸುವ ಟೆಲಿ ಲೆನ್ಸಿನಲ್ಲಿ ದೂರದಿಂದ ತೆಗೆದಷ್ಟೂ ಇದು ಜಾಸ್ತಿ. ಇದಕ್ಕೆ ಮದ್ದು ಹತ್ತಿರ ಹೋಗುವುದೊಂದೇ.

ಮೂರನೆಯದನ್ನು ಹಾಳಾಗಿದೆ ಅಂತ ಬರೆದಿದ್ದೀರಿ. ನನಗೆ ಅದೇ ಇಷ್ಟವಾಯಿತು. ಹೆಂಗಸೊಬ್ಬರು ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡುತ್ತಿದ್ದಾರೆ. ಮುಖದ ಮೇಲರ್ಧ ಕೈಯ ನೆರಳಲ್ಲಿ ಮುಳುಗಿದೆ. ಐದು ಬೆರಳಿನ ನೆರಳು ಕಣ್ಣಿನ ಮೇಲೆ ಬಿದ್ದಿದೆ, ಬಾಯಿ ಮತ್ತು ಗಲ್ಲ ಮಾತ್ರ ಬೆಳಗಿವೆ. ತುಟಿ ಸ್ವಲ್ಪ ತೆರೆದಿದೆ, ಯಾರನ್ನೋ ಗುರುತು ಹಿಡಿದ ಹಾಗೆ. ನೀವು ಮುಖ ಪೂರ್ತಿ ಕಾಣಬೇಕಿತ್ತು ಅಂದುಕೊಂಡಿರಿ. ಕಣ್ಣು ಕಂಡಿದ್ದರೆ ಅದು ಯಾರೋ ಒಬ್ಬರ ಫೋಟೋ ಆಗುತ್ತಿತ್ತು. ಈಗ ಅದು ಕಾಯುವವರೆಲ್ಲರ ಫೋಟೋ. ಒಂದೇ ಒಂದು ಬದಲಾವಣೆ ಹೇಳಬೇಕು ಅಂದರೆ, ಬಲಗಡೆ ಹಿಂದೆ ಕಾಣುವ ಬಿಳಿ ವ್ಯಾನನ್ನು ಒಂದು ಹೆಜ್ಜೆ ಎಡಕ್ಕೆ ಸರಿದು ತಪ್ಪಿಸಬಹುದಿತ್ತು. ಬಿಸಿಲಲ್ಲಿ ಬಿಳಿ ವಸ್ತು ಎಲ್ಲಿದ್ದರೂ ಕಣ್ಣು ಅಲ್ಲಿಗೇ ಓಡುತ್ತದೆ.

ನಡುಹಗಲಲ್ಲಿ ಫೋಟೋ ತೆಗೆಯಲೇಬಾರದು ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮುಖಕ್ಕೆ ಅದು ಕೆಟ್ಟ ಹೊತ್ತು, ಹೌದು. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದಾಗ ನಿಮ್ಮ ನೆರಳು ನಿಮ್ಮಷ್ಟೇ ಉದ್ದ. 30 ಡಿಗ್ರಿಗೆ ಇಳಿದಾಗ ಸುಮಾರು 1.7 ಪಟ್ಟು ಉದ್ದ. ನೆರಳು ನಿಮಗಿಂತ ಗಿಡ್ಡ ಇರುವ ತನಕ ಬಿಸಿಲಲ್ಲಿ ನಿಂತವರ ಮುಖ ಬಿಡಿ, ಆಕಾರಗಳನ್ನು ನೋಡಿ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ಮೇಲೇ ಬಂದು, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇಲ್ಲದಂತಾಗುತ್ತದೆ. ಅದರ ಆಸುಪಾಸಿನ ದಿನಗಳಲ್ಲಿ ಮೇಲಿನ ಮಹಡಿಯಿಂದ ಕೆಳಗೆ ನೋಡಿ. ಸೈಕಲ್ಲಿನ ನೆರಳು ಸೈಕಲ್ಲಿನ ಕೆಳಗೇ ತೆಳ್ಳಗಿನ ಗೆರೆ. ಕೊಡೆಗಳು ನೆಲದ ಮೇಲೆ ಉರುಳುವ ಬಣ್ಣದ ವೃತ್ತಗಳು. ಅಮೆರಿಕದ ವಿವಿಯನ್ ಮೇಯರ್ ಬದುಕಿನ ಬಹುಪಾಲು ಮನೆಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾ, ಬಿಡುವಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಫೋಟೋ ತೆಗೆದವರು. ಅವರು ತಮ್ಮದೇ ನೆರಳನ್ನು ಮತ್ತೆ ಮತ್ತೆ ತೆಗೆದರು. ಹುಲ್ಲಿನ ಮೇಲೆ, ಗೋಡೆಯ ಮೇಲೆ, ಬೇರೆಯವರ ಮೇಲೂ. ಯಾರೂ ಸಿಗದ ಮಧ್ಯಾಹ್ನದಲ್ಲೂ ನೆರಳು ಜೊತೆಗಿರುತ್ತದೆ, ಅದೂ ಒಂದು ದಾರಿ.

ಸೆಟ್ಟಿಂಗ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಸ್ವಚ್ಛ ಬಿಸಿಲಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ (ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಇಟ್ಟರೆ ಶಟರ್ ವೇಗ ಐಎಸ್‌ಒ ಸಂಖ್ಯೆಗೆ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆಗೆ, ಸಮ ಅನ್ನುವುದು ಹಳೆಯ ಸೂತ್ರ. ಐಎಸ್‌ಒ 400 ಆದರೆ 1/400 ಸೆಕೆಂಡ್. ಎಫ್/11ಕ್ಕೆ ಬಂದರೆ 1/800. ನಡೆಯುವವರನ್ನು ನಿಲ್ಲಿಸಲು ಇದು ಧಾರಾಳ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಹಳೆಯ 35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವಂಥದ್ದು) 28 ಎಂಎಂ ಲೆನ್ಸ್ ಹಾಕಿ, ಎಫ್/11 ಇಟ್ಟು, 2.5 ಮೀಟರ್ ದೂರಕ್ಕೆ ಫೋಕಸ್ ಮಾಡಿ ಬಿಟ್ಟರೆ, ಸುಮಾರು 1.2 ಮೀಟರ್‌ನಿಂದ ಕಣ್ಣಿಗೆ ಕಾಣುವಷ್ಟು ದೂರದ ತನಕ ಎಲ್ಲವೂ ಸ್ಪಷ್ಟ. ಆಮೇಲೆ ಫೋಕಸ್ ಮುಟ್ಟುವುದೇ ಬೇಡ. ಇಷ್ಟು ಬೆಳಕು ಪುಕ್ಕಟೆ ಸಿಗುವುದು ಬೇಸಿಗೆಯಲ್ಲಿ ಮಾತ್ರ. ಕ್ಯಾಮೆರಾದ ಕಡೆ ಗಮನ ಹೋಗದಿದ್ದರೆ ಎದುರಿನ ಮನುಷ್ಯನ ಕಡೆ ಹೋಗುತ್ತದೆ.

ಇನ್ನು ಸಂಕೋಚ. ಇದು ನಿಜವಾದ ಪ್ರಶ್ನೆ, ಉಳಿದದ್ದೆಲ್ಲ ಅಭ್ಯಾಸದಿಂದ ಬರುತ್ತದೆ. ಸಂಕೋಚ ಪಡುವುದು ದೋಷ ಅಂತ ತಿಳಿಯಬೇಡಿ. ಬೇರೆಯವರ ಬಗ್ಗೆ ಕಾಳಜಿ ಇರುವವರಿಗೆ ಮಾತ್ರ ಅದು ಆಗುತ್ತದೆ. ಆದರೆ ಅದರ ಅರ್ಧ ಭಾರ ಬರುವುದು ನಾವು ಹೊರಗಿನಿಂದ ಬಂದು ಇಣುಕುತ್ತಿದ್ದೇವೆ ಅನ್ನುವ ಭಾವನೆಯಿಂದ. ನೆರಳಿನಲ್ಲಿ ಹದಿನೈದು ನಿಮಿಷ ನಿಂತು ನೋಡಿ. ನೀವೂ ಬೆವರುತ್ತಿದ್ದೀರಿ, ಅವರೂ ಬೆವರುತ್ತಿದ್ದಾರೆ. "ಅಬ್ಬಾ, ಎಂಥ ಸೆಕೆ!" ಅಂದರೆ ಸಾಕು, ಯಾರಾದರೂ ಹೂಂ ಅನ್ನುತ್ತಾರೆ. ಮಾತು ಶುರುವಾಗಲು ಬೇಸಿಗೆಯಷ್ಟು ಸುಲಭದ ನೆಪ ಇನ್ನೊಂದಿಲ್ಲ. ಆಮೇಲೆ ಕ್ಯಾಮೆರಾ ಕೈಗೆ ಬಂದರೂ ನೀವು ಹೊರಗಿನವರಲ್ಲ, ಅದೇ ನೆರಳಿನವರು. ನೆರಳು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಇನ್ನೊಂದು ಲಾಭವಿದೆ ಅಂದೆನಲ್ಲ, ಅದು ಇದೇ. ಸಹಾಯ ಕೇಳಿದವರನ್ನು ಜನ ಅನುಮಾನದಿಂದ ನೋಡುವುದಿಲ್ಲ.

ಕ್ಯಾಮೆರಾ ಬಚ್ಚಿಡಬೇಡಿ. ಕುತ್ತಿಗೆಗೆ ಹಾಕಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಇರಲಿ. ಸೊಂಟದ ಮಟ್ಟದಿಂದ ಕದ್ದು ಕ್ಲಿಕ್ಕಿಸುವುದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಮೇಯರ್ ಕೂಡ ಎದೆಯ ಕೆಳಗೆ ಹಿಡಿದು ಮೇಲಿನಿಂದ ನೋಡುವ ರೋಲಿಫ್ಲೆಕ್ಸ್ ಬಳಸುತ್ತಿದ್ದರು. ಆದರೆ ಆ ಕ್ಯಾಮೆರಾ ಇರುವುದೇ ಹಾಗೆ. ಅದು ಮುಖವನ್ನು ಮರೆಮಾಡುವುದಿಲ್ಲ, ಎದುರಿನವರಿಗೆ ನಿಮ್ಮ ಕಣ್ಣು ಕಾಣುತ್ತದೆ. ಈಗಿನ ಕ್ಯಾಮೆರಾಗಳ ಮಡಚುವ ಪರದೆಯಿಂದಲೂ ಅದೇ ಅನುಕೂಲ ಸಿಗುತ್ತದೆ. ಅದನ್ನು ಮುಖ ತೋರಿಸಲು ಬಳಸಿ, ಅಡಗಲು ಬೇಡ.

ಮೊದಲು ಕೇಳಬೇಕಾ, ಆಮೇಲೆ ಕೇಳಬೇಕಾ? ಒಬ್ಬರೇ ಫ್ರೇಮಿನ ಕೇಂದ್ರದಲ್ಲಿದ್ದು ಅವರು ಒಂದು ಕಡೆ ಕೂತಿದ್ದರೆ ಮೊದಲು ಕೇಳುತ್ತೇನೆ. ಕೇಳಿದ ಕೂಡಲೇ ಅವರು ನೆಟ್ಟಗಾಗುತ್ತಾರೆ, ಕೂದಲು ಸರಿ ಮಾಡಿಕೊಳ್ಳುತ್ತಾರೆ. ಅದನ್ನೂ ತೆಗೆಯಿರಿ, ಆ ಫೋಟೋ ಅವರದು. ಆಮೇಲೆ ಥ್ಯಾಂಕ್ಸ್ ಹೇಳಿ ಅಲ್ಲೇ ಕೂತಿರಿ. ಹತ್ತು ನಿಮಿಷದಲ್ಲಿ ಅವರು ಮತ್ತೆ ತಮ್ಮ ಪಾಡಿಗೆ ತಾವಾಗುತ್ತಾರೆ, ಆಗ ಸಿಗುವುದೇ ಬೇರೆ. ಬೆಳಕಿನ ಪಟ್ಟಿ ದಾಟಿ ಹೋಗುವವರನ್ನು ಮೊದಲು ಕೇಳಲು ಆಗುವುದಿಲ್ಲ. ಕಣ್ಣು ಕೂಡಿದರೆ ನಗಿ, ಕೈ ಎತ್ತಿ. ಬೇಡ ಅಂದರೆ ಅವರೆದುರೇ ಅಳಿಸಿಬಿಡಿ, ವಾದ ಬೇಡ. ನಿದ್ದೆ ಹೋದವರು, ಬಿಸಿಲಿಗೆ ಬವಳಿ ಬಂದು ಕೂತವರು, ಮೈಮೇಲಿನ ಬಟ್ಟೆಯ ಪರಿವೆ ಇಲ್ಲದಷ್ಟು ದಣಿದವರು, ಇವರ ಫೋಟೋ ತೆಗೆಯಬೇಡಿ. ಬವಳಿ ಬಂದವರಿಗೆ ಮೊದಲು ನೀರು ಕೊಡಿ. ಮಕ್ಕಳಾದರೆ ಜೊತೆಗಿರುವ ದೊಡ್ಡವರನ್ನು ಕೇಳಿ. ನೀರಾಟ ಆಡುವ ಮಕ್ಕಳ ಫೋಟೋ ಎಷ್ಟೇ ಚೆನ್ನಾಗಿ ಬಂದರೂ ಎಲ್ಲರೂ ನೋಡುವ ಕಡೆ ಹಾಕುವ ಮೊದಲು ಎರಡು ಸಲ ಯೋಚಿಸಿ.

ಕಾನೂನು ಒಂದೊಂದು ಕಡೆ ಒಂದೊಂದು ಥರ. ಕೆನಡಾದಲ್ಲಿ ಕಟ್ಟಡದ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದ 17 ವರ್ಷದ ಹುಡುಗಿಯ ಫೋಟೋವನ್ನು ಪತ್ರಿಕೆಯೊಂದು ಕೇಳದೆ ಪ್ರಕಟಿಸಿತ್ತು. ಫೋಟೋದಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ಆದರೂ 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹುಡುಗಿಯ ಪರ ನಿಂತು 2,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. 2006ರಲ್ಲಿ ನ್ಯೂಯಾರ್ಕಿನ ಕೋರ್ಟೊಂದು ಇದಕ್ಕೆ ತದ್ವಿರುದ್ಧವಾಗಿ, ದಾರಿಹೋಕರನ್ನು ಕೇಳದೆ ಸೆರೆಹಿಡಿದ ಫಿಲಿಪ್ ಲೋರ್ಕಾ ಡಿಕೋರ್ಷಿಯಾ ಅವರ ಪರ ತೀರ್ಪು ಕೊಟ್ಟಿತು, ಅದು ಕಲೆ ಅಂತ. ನೀವಿರುವ ಕಡೆಯ ನಿಯಮ ತಿಳಿದುಕೊಂಡಿರಿ. ತೆಗೆಯುವುದು ಬೇರೆ, ಪ್ರಕಟಿಸುವುದು ಬೇರೆ, ಜಾಹೀರಾತಿಗೆ ಮಾರುವುದು ಇನ್ನೂ ಬೇರೆ. ನನ್ನ ಲೆಕ್ಕದಲ್ಲಿ ಆ ಹುಡುಗಿಯ ಕೇಸು ಕಾನೂನಿಗಿಂತ ಹೆಚ್ಚಿನದನ್ನು ಹೇಳುತ್ತದೆ. ನಮಗೆ ಚಂದ ಕಂಡದ್ದು ಅವಳಿಗೆ ಗೆಳೆಯರ ನಡುವೆ ನಗೆಪಾಟಲಾಗಿತ್ತು.

ಒಂದು ಕ್ಷಣ ತಪ್ಪಿಹೋದಾಗ "ಇನ್ನೊಮ್ಮೆ ಹಾಗೇ ಮಾಡಿ" ಅಂತ ಕೇಳುವ ಆಸೆ ಆಗುತ್ತದೆ. ಕೇಳಬಹುದು. ಆದರೆ ಅದನ್ನು ಆಕಸ್ಮಿಕ ಅಂತ ತೋರಿಸಬಾರದು. ರಾಬರ್ ಡುವಾನೋ 1950ರಲ್ಲಿ ಪ್ಯಾರಿಸ್ ಬೀದಿಯಲ್ಲಿ ಮುತ್ತಿಡುವ ಜೋಡಿಯ ಫೋಟೋ ತೆಗೆದರು. ಲೋಕವೆಲ್ಲ ಅದನ್ನು ದಾರಿಯಲ್ಲಿ ಕಂಡ ಕ್ಷಣ ಅಂತಲೇ ನಂಬಿತ್ತು. 1990ರ ದಶಕದಲ್ಲಿ ವಿಷಯ ಕೋರ್ಟಿಗೆ ಹೋದಾಗ ಆ ಜೋಡಿ ನಟನೆ ಕಲಿಯುತ್ತಿದ್ದವರು, ಅವರನ್ನು ಹೇಳಿ ನಿಲ್ಲಿಸಿದ್ದು ಅಂತ ಹೊರಬಂತು. ಫೋಟೋ ಈಗಲೂ ಚಂದವೇ. ಆದರೆ ನೋಡುವ ಖುಷಿಯಲ್ಲಿ ಒಂದು ಪಾಲು ಹೋಯಿತು.

ಬಿಸಿಲಿನ ವಿಷಯದಲ್ಲಿ ಮೈಯನ್ನೂ ಕ್ಯಾಮೆರಾವನ್ನೂ ನೋಡಿಕೊಳ್ಳಿ. ನೀರು, ಟೋಪಿ, ಹತ್ತಿಬಟ್ಟೆ ಹೇಳಬೇಕಾಗಿಲ್ಲ. ಬಹುತೇಕ ಕ್ಯಾಮೆರಾಗಳು 40 ಡಿಗ್ರಿ ಸೆಲ್ಸಿಯಸ್ ತನಕ, ಐಫೋನ್ 35 ಡಿಗ್ರಿ ತನಕದ ವಾತಾವರಣಕ್ಕೆ ಅಂತ ತಯಾರಕರೇ ಹೇಳುತ್ತಾರೆ. ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗಬೇಡಿ. ಎಸಿ ರೂಮಿನಿಂದ ಸೆಕೆಗೆ ಬಂದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಅರ್ಧ ಗಂಟೆ ಬ್ಯಾಗಿನೊಳಗೇ ಇದ್ದು ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ.

ಮನೆಗೆ ಬಂದ ಕೂಡಲೇ ಫೋಟೋ ಅಳಿಸಲು ಕೂರಬೇಡಿ. ಬಿಸಿಲಲ್ಲಿ ದಣಿದು ಬಂದವರಿಗೆ ಎಲ್ಲವೂ ಬೇಸರವಾಗಿಯೇ ಕಾಣುತ್ತದೆ. ನೀವು ಮೂರನೇ ಫೋಟೋ ಹಾಳಾಗಿದೆ ಅಂದಿದ್ದು ಬಹುಶಃ ಆ ಸಂಜೆಯೇ ಇರಬೇಕು. ಅಮೆರಿಕದ ಬೀದಿ ಫೋಟೋಗ್ರಾಫರ್ ಗ್ಯಾರಿ ವಿನೋಗ್ರಾಂಡ್ ತಾವು ತೆಗೆದ ರೀಲುಗಳನ್ನು ಬೇಕೆಂದೇ ವರ್ಷಗಟ್ಟಲೆ ಹಾಗೇ ಇಟ್ಟು ಆಮೇಲೆ ತೊಳೆಯುತ್ತಿದ್ದರು. ತೆಗೆದಾಗಿನ ಖುಷಿ, ಬೇಸರ ಎರಡೂ ಮರೆಯಲಿ ಅಂತ. 1984ರಲ್ಲಿ ತೀರಿಕೊಂಡಾಗ ತೊಳೆಯದ ರೀಲುಗಳೇ ಸುಮಾರು 2,500 ಉಳಿದಿದ್ದವು. ಅಷ್ಟು ಬೇಡ. ಈ ಬೇಸಿಗೆಯದನ್ನು ಮುಂದಿನ ಮಳೆಗಾಲದಲ್ಲಿ ಕೂತು ನೋಡಿ.

ಒಂದು ಫೋಟೋಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಕೇಳಿ ತೆಗೆದದ್ದು, ಕೂದಲು ಸರಿ ಮಾಡಿಕೊಂಡು ನಿಂತದ್ದು. ಅದನ್ನು ಬೇಗ ಅವರಿಗೆ ಮುಟ್ಟಿಸಿ. ಅಪರಿಚಿತರ ನಂಬರ್ ಕೇಳುವುದಕ್ಕಿಂತ ನಿಮ್ಮದನ್ನು ಒಂದು ಚೀಟಿಯಲ್ಲಿ ಬರೆದು ಕೊಡುವುದು ಒಳ್ಳೆಯದು, ಮೆಸೇಜ್ ಮಾಡುವುದೋ ಬಿಡುವುದೋ ಅವರ ಇಷ್ಟ. ಫೋನ್ ಇಲ್ಲದವರಾದರೆ ಒಂದು ಪ್ರಿಂಟ್ ಹಾಕಿಸಿ. ಅದೇ ಹೊತ್ತಿಗೆ ಅದೇ ಗೋಡೆಯ ಹತ್ತಿರ ಹೋದರೆ ಅವರು ಸಿಗುತ್ತಾರೆ. ಕೆಲವು ವಾರ ಕಳೆದಿದ್ದರೆ ನೆರಳು ಸ್ವಲ್ಪ ಆಚೆ ಈಚೆ ಆಗಿರುತ್ತದೆ, ಅಲ್ಲಿ ಹುಡುಕಿ.